ತಂತಿ ಕಟ್ಟಿದ ಹೂವು

ಜೀಡಿಮೆಟ್ಲಾ, ಹೈದರಾಬಾದ್
3 ಮಾರ್ಚ್ 2024

ಶಾಂತಣ್ಣನಿಗೆ,

ನಿನ್ನ ಹನ್ನೊಂದು ಕುಂಡಗಳು ನಮ್ಮ ತಾರಸಿಗೆ ಸುಖವಾಗಿ ಬಂದು ಇಳಿದವು. ನಾನು ಟ್ರಾಲಿ ಆಟೋ ಹಿಡಿದು ಇಪ್ಪತ್ತೆರಡು ವರ್ಷವಾಯಿತು. ಸಿಮೆಂಟು, ಬೀರು, ನಿಮ್ಮ ಫ್ಯಾಕ್ಟರಿಯ ಔಷಧಿ ಡ್ರಮ್ಮು, ಒಮ್ಮೆ ಮದುವೆ ಬ್ಯಾಂಡಿನವರನ್ನು ವಾದ್ಯ ಸಮೇತ ಸಾಗಿಸಿದ್ದೇನೆ. ಆದರೆ ಸ್ಪೀಡ್ ಬ್ರೇಕರ್ ಬಂದಾಗಲೆಲ್ಲ ಹಿಂದೆ ತಿರುಗಿ ಸರಕಿಗೆ "ಗಟ್ಟಿ ಹಿಡ್ಕೋರಿ" ಅಂತ ಹೇಳಿದ್ದು ಇದೇ ಮೊದಲು.

ನಮ್ಮ ಮನೆಯಾಕೆ ಅಂಬವ್ವ ಒಂದು ಕುಂಡದೊಳಗೆ ಇಣುಕಿ ನೋಡಿದಳು. ಇದ್ದಿಲು, ಇಟ್ಟಿಗೆ ಚೂರು, ತೆಂಗಿನ ಸಿಪ್ಪೆ. ಹಿಡಿ ಮಣ್ಣಿಲ್ಲ.

"ಇದರಾಗ ಗಿಡಾ ಬೆಳಸೂದೋ, ಇಲ್ಲಾ ರೊಟ್ಟಿ ಸುಡೂದೋ?" ಅಂದಳು.

"ಎರಡೂ ಮಾಡೂನು. ಮೊದಲ ಕಡ್ಡಿಪೆಟ್ಟಿಗಿ ತಾ" ಅಂದೆ.

ಇದನ್ನು ಓದಿದರೆ ನಿನ್ನ ಹೊಟ್ಟೆ ಉರಿಯುತ್ತದೆ ಅಂತ ಗೊತ್ತು. ಅದಕ್ಕೇ ಬರೆದೆ.

ನಿನ್ನ ಆರ್ಕಿಡ್ಡಿನ ಡೆಂಡ್ರೋಬಿಯಂ ಅನ್ನುವ ಹೆಸರು ನನ್ನ ನಾಲಿಗೆಯಲ್ಲಿ ಹೊರಳುವುದಿಲ್ಲ. ಐದನೇ ಈಯತ್ತೆಗೆ ಶಾಲೆಯವರೇ ನನಗೆ ಕೈ ಮುಗಿದು ಕಳಿಸಿದ್ದರು. ಹಾಗಾಗಿ ನಿನ್ನ ಗಿಡಗಳಿಗೆ ಹೆಣ್ಣುಮಕ್ಕಳಿಗೆ ಇಡುವ ಹಾಗೆ ನಾನೇ ಹೆಸರಿಟ್ಟಿದ್ದೇನೆ: ಒಂದನೇ ಬಾಯಿ, ಎರಡನೇ ಬಾಯಿ, ಹೀಗೆ ಹನ್ನೊಂದನೇ ಬಾಯಿಯವರೆಗೆ. ಹನ್ನೆರಡನೆಯವಳು ಅಂಬವ್ವ, ಅವಳು ಮಾತ್ರ ನೀರು ಕೇಳದೆ ಬೇರೆಲ್ಲ ಕೇಳುತ್ತಾಳೆ.

ಈಗ ಕೆಲಸದ ಮಾತು. ಏಳನೇ ಬಾಯಿಯ ಹಿಂದಿನ ಮೂರು ಕೋಲುಗಳಲ್ಲಿ ಒಂದೂ ಎಲೆ ಇಲ್ಲ, ಸುಕ್ಕಾಗಿವೆ. ಕತ್ತರಿಸಲೋ ಬೇಡವೋ? ನೀರು ದಿನಾ ಹಾಕಬೇಕೋ? ಹುಬ್ಬಳ್ಳಿಯ ಗೋಡೌನಿಗೆ ನಿನ್ನನ್ನು ಕಳಿಸಿದವರು ನನಗೆ ಒಂದು ಪುಸ್ತಕವನ್ನಾದರೂ ಕೊಟ್ಟು ಹೋಗು ಅಂತ ಹೇಳಬೇಕಿತ್ತು.

ಹನ್ನೊಂದರಲ್ಲಿ ಆ ಬಿಳಿ ಹೂವಿನ ಕುಂಡವೂ ಇದೆ. ಅದನ್ನು ಮೂಲೆಯಲ್ಲಿ ಇಟ್ಟಿದ್ದೇನೆ. ಜನವರಿಯ ಮಾತು ನಾನು ತೆಗೆಯುವುದಿಲ್ಲ. ನೀನೂ ತೆಗೆಯಬೇಡ, ಹೋಗಲಿ ಬಿಡು.

ನಿನ್ನ,
ಸೂಗಪ್ಪ


ಹುಬ್ಬಳ್ಳಿ
14 ಮಾರ್ಚ್ 2024

ಪ್ರಿಯ ಸೂಗಪ್ಪ,

ಪತ್ರ ತಲುಪಿತು. ಕೋಲುಗಳನ್ನು ಕತ್ತರಿಸಬೇಡ. ಅವು ಸತ್ತಿಲ್ಲ. ಎಲೆ ಉದುರಿದ ಹಳೆಯ ಕೋಲಿನಲ್ಲಿ ನೀರು, ಆಹಾರ ಎರಡೂ ಕೂಡಿಟ್ಟಿರುತ್ತದೆ. ಹೊಸ ಚಿಗುರು ಅದನ್ನೇ ಉಂಡು ಬೆಳೆಯುತ್ತದೆ. ಹಳದಿಯಾಗಿ ಒಳಗೆ ಟೊಳ್ಳಾದರೆ ಮಾತ್ರ ತೆಗೆ.

ನೀರಿಗೆ ದಿನದ ಲೆಕ್ಕವಿಲ್ಲ. ಬೇರು ನೋಡು. ಬೆಳ್ಳಗಿದ್ದರೆ ಬಾಯಾರಿದೆ, ಹಸಿರಾಗಿದ್ದರೆ ಕುಡಿದಿದೆ. ಬೆಳಿಗ್ಗೆ ಎಂಟರೊಳಗೆ ಹಾಕು. ಬೋರ್‌ವೆಲ್ ನೀರು ಬೇಡ, ಇದ್ದಿಲ ಮೇಲೆ ಬಿಳಿ ಉಪ್ಪು ಕೂಡುತ್ತದೆ. ನಲ್ಲಿ ನೀರನ್ನು ಒಂದು ರಾತ್ರಿ ಬಕೆಟ್ಟಿನಲ್ಲಿ ಇಟ್ಟು ಹಾಕು. ಹೊಸ ಚಿಗುರಿನ ನಡುವೆ ನೀರು ನಿಂತರೆ ಕೊಳೆಯುತ್ತದೆ, ಬಟ್ಟೆಯ ತುದಿಯಿಂದ ಹೀರಿ ತೆಗೆ. ಮೇಲೆ ಹಸಿರು ಪರದೆ ಕಟ್ಟುವುದನ್ನು ಮರೆಯಬೇಡ.

ಜನವರಿಯ ಮಾತು ತೆಗೆಯಬೇಡ ಅಂದೆ. ನನಗೆ ತೆಗೆಯದೆ ಇರಲು ಆಗುತ್ತಿಲ್ಲ. ಇಪ್ಪತ್ತಾರು ವರ್ಷ ಕಂಪ್ರೆಸರ್ ಪಕ್ಕದ ಸ್ಟೋರಿನಲ್ಲಿ ಕೂತು ಕಿವಿ ಕಳೆದುಕೊಂಡೆ. ಫೋನಿನಲ್ಲಿ ಯಾರ ಜೊತೆಯೂ ಮಾತಾಡಲಾಗುವುದಿಲ್ಲ. ವಾಟ್ಸಾಪಿನಲ್ಲಿ ಅವತ್ತಿನ ನನ್ನ ಫೋಟೋ ಸುತ್ತಾಡಿದ ಮೇಲೆ ಅದನ್ನೂ ತೆಗೆಸಿದೆ. ಹಾಗಾಗಿ ಪತ್ರದಲ್ಲಾದರೂ ಒಮ್ಮೆ ಹೇಳಿ ಮುಗಿಸುತ್ತೇನೆ.

ಹನ್ನೆರಡು ವರ್ಷ ಗಿಡ ಬೆಳೆಸಿದರೂ ಎಲ್ಲಿಯೂ ತೋರಿಸಿರಲಿಲ್ಲ. ಕುಮುದಾ ಮೇಡಂ ಗಚ್ಚಿಬೌಲಿಯ ತಮ್ಮ ಆರ್ಕಿಡ್ ಬಳಗದ ಪ್ರದರ್ಶನಕ್ಕೆ ಕರೆದಾಗ ಮೂರು ರಾತ್ರಿ ನಿದ್ದೆ ಬರಲಿಲ್ಲ. ಅವತ್ತು ನಾನು ಹೆಸರು ಬರೆಸಿ ಮೇಜಿನ ಹತ್ತಿರ ಬಂದಾಗ ತೀರ್ಪುಗಾರರು ಬಿಳಿ ಗಿಡದ ಮುಂದೆ ನಿಂತಿದ್ದರು. ಅವರ ಬೆನ್ನು ಅಡ್ಡವಿತ್ತು, ಗಿಡ ಕಾಣಿಸಲಿಲ್ಲ. ಮೇಡಂ ಮೈಕಿನಲ್ಲಿ ಏನೋ ಹೇಳಿದರು. ಜನ ನನ್ನ ಕಡೆ ನೋಡಿ ನಕ್ಕರು. ಹೊಗಳುತ್ತಿದ್ದಾರೆ ಅಂದುಕೊಂಡೆ. ನಾನೂ ನಕ್ಕು ಕೈ ಮುಗಿದೆ. ಎರಡು ಸಲ ಮುಗಿದೆ. ಆಮೇಲೆ ಮೇಡಂ ಒಂದು ಚೀಟಿಯಲ್ಲಿ ಬರೆದು ತೋರಿಸಿದರು: "ಇವು ಪ್ಲಾಸ್ಟಿಕ್ ಹೂವು. ನೀವೇ ಕಟ್ಟಿದ್ದಾ?"

ಚೀಟಿಯನ್ನು ಇನ್ನೊಮ್ಮೆ ಓದಿದೆ. ನನ್ನ ಐದೂ ಕುಂಡಗಳನ್ನು ಸ್ಪರ್ಧೆಯಿಂದ ತೆಗೆದರು.

ನೀನು ಆಗ ಹೊರಗೆ ಆಟೋ ನಿಲ್ಲಿಸಲು ಹೋಗಿದ್ದೆ. ನಾನು ಹಾಗೆ ನಕ್ಕದ್ದನ್ನು ನೋಡಲಿಲ್ಲ. ಅದೊಂದೇ ಸಮಾಧಾನ.

ಕಟ್ಟಿದವನು ಬಳಗದ ಚಂದ್ರಹಾಸ ಅಂತ ನನ್ನ ಅನುಮಾನ. ಪಕ್ಕದ ಮೇಜು ಅವನದು. ಬೆಳಿಗ್ಗೆಯಿಂದ ನನ್ನ ಬಿಳಿ ಗಿಡವನ್ನೇ ನೋಡುತ್ತಿದ್ದ. ಅದರ ಮೊದಲ ಸಸಿ ಕೊಟ್ಟವನೂ ಅವನೇ, ಹಾಗಾಗಿ ಮನಸ್ಸು ಒಪ್ಪುತ್ತಿಲ್ಲ. ಆದರೆ ಬೇರೆ ಯಾರಿದ್ದರು ಅಲ್ಲಿ?

ಶಾಂತಕುಮಾರ


(ಅಂಚೆಗೆ ಹಾಕದೆ ಇಟ್ಟುಕೊಂಡ ಪತ್ರ)

ಜೀಡಿಮೆಟ್ಲಾ
24 ಮಾರ್ಚ್ 2024

ಶಾಂತಣ್ಣಾ,

ಆ ಹೂವು ಕಟ್ಟಿದ್ದು ನಾನು.

ಇದನ್ನು ಬರೆದು ಒಂದು ಕಪ್ ಚಹಾ ಕುಡಿದು ಬಂದೆ. ಈಗ ಉಳಿದದ್ದು ಬರೆಯುತ್ತೇನೆ.

ಪ್ರದರ್ಶನದ ಹಿಂದಿನ ದಿನ ಕೋಠಿಗೆ ಬಟ್ಟೆ ಗಂಟು ಇಳಿಸಲು ಹೋಗಿದ್ದೆ. ಅಲ್ಲಿ ಒಂದು ಅಂಗಡಿಯಲ್ಲಿ ಪ್ಲಾಸ್ಟಿಕ್ ಹೂವಿನ ಗೊಂಚಲು ನೇತು ಹಾಕಿದ್ದರು. ನಿನ್ನ ಗಿಡದ್ದೇ ಅಣ್ಣತಮ್ಮ. ನಾಲ್ಕು ದಿನದಿಂದ ನೀನು ಬಿಳಿ ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತು ಮೊಗ್ಗು ನೋಡುತ್ತಾ, "ಇನ್ನ ಒಂದ ವಾರ ಇದ್ದಿದ್ರ ಅರಳತಿತ್ತಲೋ ಸೂಗ್ಯಾ" ಅನ್ನುತ್ತಿದ್ದೆ. ನಿನ್ನ ಮುಖ ನೋಡಲಾಗುತ್ತಿರಲಿಲ್ಲ. ಒಂದು ಸಲ ನಗಿಸೋಣ ಅಂದುಕೊಂಡೆ. ಹಿಂದೆ ನಿನ್ನ ಡಬ್ಬಿಯಲ್ಲಿ ಕಟಕ ರೊಟ್ಟಿಯ ನಡುವೆ ರಟ್ಟು ದುಂಡಗೆ ಕತ್ತರಿಸಿ ಇಟ್ಟಿದ್ದೆನಲ್ಲ, ನೀನು ಕಡಿದು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಿದ್ದೆ. ಇದೂ ಹಾಗೇ ಆಗುತ್ತದೆ ಅಂದುಕೊಂಡೆ. ನೀನು ಬಂದು ನೋಡಿ, ನನ್ನ ಬೆನ್ನಿಗೆ ಒಂದು ಗುದ್ದಿ, ಬಿಚ್ಚಿ ಎಸೆಯುತ್ತೀ. ಅಷ್ಟೇ.

ನೀನು ಹೆಸರು ಬರೆಸುವ ಸಾಲಿನಲ್ಲಿ ನಿಂತಿದ್ದೆ. ನಾನು ಹಸಿರು ತಂತಿಯಿಂದ ಗೊಂಚಲನ್ನು ಕೋಲಿಗೆ ಸುತ್ತಿದೆ. ಕೈ ಚೆನ್ನಾಗಿ ಓಡಿತು. ದೂರದಿಂದ ನನಗೇ ನಿಜ ಅನ್ನಿಸಿತು. ಅಷ್ಟರಲ್ಲಿ ವಾಚ್‌ಮನ್ ಬಂದ. "ಅನ್ನಾ, ಟ್ರಾಲಿ ಲೋಪಲ ವದ್ದು, ಬಯಟ ಪೆಟ್ಟು" ಅಂತ ಗಾಡಿಯನ್ನು ಒಳಗಿಂದ ಹೊರಗೆ ಹಾಕಿಸಲು ಬೆನ್ನು ಹತ್ತಿದ. ಗೇಟಿನ ಹೊರಗೆ ಕ್ಯಾಬುಗಳ ಸಾಲು. ಯೂ ಟರ್ನ್ ಹೊಡೆದು, ಜಾಗ ಹುಡುಕಿ, ಓಡಿ ಬರುವುದಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು. ತೀರ್ಪುಗಾರರು ಹನ್ನೊಂದಕ್ಕೆ ಬರುತ್ತಾರೆ ಅಂದಿದ್ದರು. ಹತ್ತೂವರೆಗೇ ಬಂದಿದ್ದರು.

ನಾನು ಬಾಗಿಲಲ್ಲೇ ಇದ್ದೆ ಶಾಂತಣ್ಣಾ. ಹೊರಗೆ ಇರಲಿಲ್ಲ.

ಕುಮುದಾ ಮೇಡಂ ಮೈಕಿನಲ್ಲಿ, "ಇದೊಳ್ಳೆ ಕಥೆ ಆಯ್ತಲ್ಲ, ಪ್ಲಾಸ್ಟಿಕ್ ಹೂವಿಗೂ ಬಹುಮಾನ ಕೊಡಬೇಕಂತೆ" ಅಂದರು. ಜನ ನಕ್ಕರು. ನೀನೂ ನಕ್ಕೆ. ಬಲಕ್ಕೆ ಒಮ್ಮೆ ಕೈ ಮುಗಿದೆ, ಎಡಕ್ಕೆ ಒಮ್ಮೆ ಮುಗಿದೆ. ನಿನ್ನ ಇಸ್ತ್ರಿ ಮಾಡಿದ ಅಂಗಿಯ ತೋಳಿನ ಗುಂಡಿ ಬಿಚ್ಚಿ ನೇತಾಡುತ್ತಿತ್ತು. ಅದು ಯಾಕೆ ನೆನಪಿದೆ ಗೊತ್ತಿಲ್ಲ.

ಹತ್ತು ಹೆಜ್ಜೆ ನಡೆದು ಬಂದು "ನಾನು ಕಟ್ಟಿದ್ದು, ತಮಾಷೆಗೆ" ಅಂದಿದ್ದರೆ ಆಗಲೇ ಮುಗಿಯುತ್ತಿತ್ತು. ಇಡೀ ಜೀಡಿಮೆಟ್ಲಾದಲ್ಲಿ ಯಾರೂ ಮುಚ್ಚಿಸಲಾಗದ ಬಾಯಿ ಅವತ್ತು ತಾನಾಗಿ ಮುಚ್ಚಿಕೊಂಡಿತು. ಹಿಂದಕ್ಕೆ ಸರಿದೆ. ಆಟೋದಲ್ಲಿ ಹೋಗಿ ಕೂತೆ. ನೀನು ಕುಂಡ ಎತ್ತಿಕೊಂಡು ಬಂದಾಗ ಕೈ ಆಡಿಸಿ, "ಏನಾತು, ಬಹುಮಾನ ಬಂತೇನು?" ಅಂತ ಕೇಳಿದೆ.

ಹಾಗೆ ಕೇಳಿದವನು ನಾನೇ.

ಇದನ್ನು ನಾಳೆ ಅಂಚೆಗೆ ಹಾಕುತ್ತೇನೆ.

ಸೂಗಪ್ಪ


ಜೀಡಿಮೆಟ್ಲಾ
26 ಮಾರ್ಚ್ 2024

ಶಾಂತಣ್ಣನಿಗೆ,

ಪತ್ರ ಬಂತು. ಕೋಲು ಕತ್ತರಿಸಿಲ್ಲ. ಬೆಳಿಗ್ಗೆ ಹಲ್ಲುಜ್ಜುವ ಮೊದಲು ಬೇರು ನೋಡುತ್ತೇನೆ. ಅಂಬವ್ವ, "ನನ್ನ ಮುಖಾ ಒಂದ ದಿನಾರ ಹಿಂಗ ನೋಡೀಯೇನು?" ಅಂತ ಕೇಳಿದಳು. "ನೀ ಬಿಳಿ ಆದಿ ಅಂದ್ರ ನಿನಗೂ ನೀರ ಹಾಕ್ತೀನಿ" ಅಂದೆ. ಎರಡು ಹೊತ್ತು ರೊಟ್ಟಿ ಇಲ್ಲ, ಬರೀ ಅನ್ನ ಸಾರು ಸಿಕ್ಕಿತು.

ಆಟೋದ ತಾಡಪತ್ರಿಯನ್ನೇ ನೆರಳಿಗೆ ಕಟ್ಟಿದ್ದೆ. ನೀನು ಬರೆದ ಮೇಲೆ ಬಿಚ್ಚಿ ಹಸಿರು ಪರದೆ ತಂದೆ. ನಾಲ್ಕನೇ ಬಾಯಿಯ ಬುಡದಲ್ಲಿ ಹೊಸ ಚಿಗುರು ಬಂದಿದೆ, ಹೆಸರುಕಾಳಿನಷ್ಟು.

ಚಂದ್ರಹಾಸ ಅಂಥವನಲ್ಲ ಅನ್ನಿಸುತ್ತದೆ. ಏನೋ, ನನಗೇನು ಗೊತ್ತು. ನಾನು ಹೊರಗಿದ್ದೆನಲ್ಲ.

ಸೂಗಪ್ಪ


ಹುಬ್ಬಳ್ಳಿ
21 ಏಪ್ರಿಲ್ 2024

ಪ್ರಿಯ ಸೂಗಪ್ಪ,

ಬಿಸಿಲು ಏರಿದೆ, ಅಲ್ಲಿ ಇನ್ನೂ ಹೆಚ್ಚು. ಮಧ್ಯಾಹ್ನ ಗಿಡಕ್ಕೆ ನೀರು ಹಾಕಬೇಡ, ಬೇರು ಬೇಯುತ್ತದೆ. ಕುಂಡದ ಕೆಳಗಿನ ನೆಲಕ್ಕೆ ಹಾಕು. ಗೋಣಿಚೀಲ ಒದ್ದೆ ಮಾಡಿ ಸುತ್ತ ಹಾಸು.

ಒಂದು ಕೆಲಸ ಮಾಡಿ ಮುಗಿಸಿದೆ. ಏಪ್ರಿಲ್ ಹತ್ತರಂದು ಕುಮುದಾ ಮೇಡಂಗೆ ಪತ್ರ ಬರೆದು ಚಂದ್ರಹಾಸನ ಹೆಸರು ಹೇಳಿದೆ. ಮೇಜಿನ ಬಳಿ ಅವನನ್ನು ಬಿಟ್ಟು ಬೇರೆ ಯಾರೂ ಇರಲಿಲ್ಲ ಅಂತ ಸ್ಪಷ್ಟವಾಗಿ ಬರೆದೆ. ಅವರು ಅವನನ್ನು ಕರೆದು ಕೇಳಿದರಂತೆ. ಅವನು ಸಿಟ್ಟಾಗಿ ಎದ್ದು ಹೋದನಂತೆ. ಸಿಟ್ಟಾದದ್ದೇ ಒಪ್ಪಿಕೊಂಡ ಹಾಗೆ ಅಂತ ಬಳಗದವರು ಅವನ ಹೆಸರು ತೆಗೆದರು. ಮೇಡಂ ನನಗೆ ಕ್ಷಮೆ ಕೇಳಿ ಬರೆದಿದ್ದಾರೆ. ಆ ಕಾಗದವನ್ನು ಮಡಚಿ ಜೇಬಿನಲ್ಲಿ ಇಟ್ಟುಕೊಂಡು ಕೆಲಸಕ್ಕೆ ಹೋಗುತ್ತೇನೆ. ಜನವರಿಯಿಂದ ಈಚೆಗೆ ಈಗಷ್ಟೇ ನಿದ್ದೆ ಬರುತ್ತಿದೆ.

ಹೈದರಾಬಾದಿನಲ್ಲಿ ನಾನು ನಂಬಿ ಗಿಡ ಬಿಟ್ಟು ಬಂದದ್ದು ನಿನ್ನೊಬ್ಬನ ಹತ್ತಿರ. ನಾನು ಆರಿಸಿದ್ದು ಸರಿ ಇತ್ತು.

ಶಾಂತಕುಮಾರ


ಜೀಡಿಮೆಟ್ಲಾ
19 ಮೇ 2024

ಶಾಂತಣ್ಣನಿಗೆ,

ಈ ಲಕೋಟೆಯಲ್ಲಿ ಎರಡು ಪತ್ರ ಇವೆ. ಇನ್ನೊಂದು ಮಾರ್ಚ್ 24ರದ್ದು. ಅದನ್ನು ಮೊದಲು ಓದು. ಅವತ್ತು ಬರೆದು, ಅಂಚೆ ಡಬ್ಬಿಯವರೆಗೆ ಹೋಗಿ, ವಾಪಸ್ ತಂದು, ಆಟೋದ ಸೀಟಿನ ಕೆಳಗೆ ಇಟ್ಟಿದ್ದೆ. ಎರಡು ತಿಂಗಳಿಂದ ಅದರ ಮೇಲೆಯೇ ಕೂತು ಗಾಡಿ ಓಡಿಸುತ್ತಿದ್ದೇನೆ. ಎಣ್ಣೆ ಕಲೆ ಅದಕ್ಕೇ.

ಓದಿದೆಯಾ? ಹಾಗಾದರೆ ಮುಂದಿನದು ಹೇಳುತ್ತೇನೆ.

ನೀನು ಚಂದ್ರಹಾಸನ ಹೆಸರು ಬರೆದೆ ಅಂತ ತಿಳಿದ ಮೇಲೂ ನಿನಗೆ ಬರೆಯಲು ಧೈರ್ಯ ಬರಲಿಲ್ಲ. ಬಳಗದವರ ಮುಂದೆ ಹೇಳಿಬಿಟ್ಟರೆ ಅವರೇ ನಿನಗೆ ತಿಳಿಸುತ್ತಾರೆ ಅಂದುಕೊಂಡೆ. ಅದೂ ಒಂದು ತಪ್ಪಿಸಿಕೊಳ್ಳುವ ಉಪಾಯವೇ. ಕಳೆದ ಭಾನುವಾರ ಗಚ್ಚಿಬೌಲಿಯಲ್ಲಿ ಅವರ ಸಭೆ ಇತ್ತು. ಹೋದೆ. ಆಟೋವನ್ನು ಮೊದಲೇ ದೂರ ನಿಲ್ಲಿಸಿದೆ.

ಕುಮುದಾ ಮೇಡಂ ಗುರುತು ಹಿಡಿದರು. ವರ್ಷಗಳಿಂದ ಅವರ ಮನೆಗಳಿಗೆ ಕುಂಡ, ಇದ್ದಿಲು ಸಾಗಿಸುತ್ತಾ ಎಲ್ಲರನ್ನೂ ನಗಿಸಿದವನಲ್ಲವೇ ನಾನು. "ಏನ್ರೀ ಸೂಗಪ್ಪನವರೇ, ಇವತ್ತು ಯಾವ ಜೋಕು?" ಅಂದರು.

"ಜೋಕ್ ಅಲ್ರೀ ಮೇಡಂ. ಆವತ್ತ ಶಾಂತಣ್ಣನ ಗಿಡಕ್ಕ ಪ್ಲಾಸ್ಟಿಕ್ ಹೂವ ಕಟ್ಟಿದಾಂವ ನಾನು" ಅಂದೆ.

ಮೇಡಂ ನನ್ನ ಮುಖ ನೋಡಿದರು. ಆಮೇಲೆ ಯಾರೋ ಹಿಂದಿನಿಂದ ನಕ್ಕರು. ಆಮೇಲೆ ಎಲ್ಲರೂ.

"ಖರೇನ ಹೇಳಾಕತ್ತೀನಿ ರೀ" ಅಂದೆ. ಇನ್ನೂ ಜಾಸ್ತಿ ನಕ್ಕರು. ಒಬ್ಬರು, "ನೋಡ್ರಿ, ಮುಖ ಹೆಂಗ ಇಟ್ಟಾನ" ಅಂದರು. ಮೇಡಂ ಕಣ್ಣೊರೆಸಿಕೊಂಡು, "ಗೆಳೆಯನ ಮೇಲಿನ ಪ್ರೀತಿಗೆ ಚಂದ್ರಹಾಸನ ತಪ್ಪನ್ನು ತಾವು ಹೊತ್ಕೊಳ್ಳೋಕೆ ಬಂದಿದೀರಾ? ದೊಡ್ಡ ಮನಸ್ಸು" ಅಂದರು. ಕೈಗೆ ಚಹಾ ಕೊಟ್ಟರು, ಎರಡು ಸಮೋಸಾ ಇಟ್ಟರು. ನಾನು ತಿಂದೆ. ತಿಂದು ಬಂದೆ.

ಐವತ್ತೊಂದು ವರ್ಷದಲ್ಲಿ ಒಂದೇ ಒಂದು ಸಲ ನಿಜ ಹೇಳಲು ನಿಂತೆ. ಯಾರೂ ನಂಬಲಿಲ್ಲ. ಅದರಲ್ಲಿ ಅವರ ತಪ್ಪು ಏನೂ ಇಲ್ಲ.

ನೀನು ನಂಬುತ್ತೀ ಅಂತ ಗೊತ್ತು, ಯಾಕೆಂದರೆ ತಾರೀಖು ಇದೆ, ಎಣ್ಣೆ ಕಲೆ ಇದೆ. ನನಗೆ ಏನು ಅನ್ನಬೇಕೋ ಅನ್ನು. ಆದರೆ ಚಂದ್ರಹಾಸನ ಹೆಸರನ್ನು ಸರಿ ಮಾಡು. ನೀನು ಬರೆದರೆ ಮಾತ್ರ ಅವರು ನಂಬುತ್ತಾರೆ.

ಸೂಗಪ್ಪ


ಜೀಡಿಮೆಟ್ಲಾ
30 ಜೂನ್ 2024

ಶಾಂತಣ್ಣನಿಗೆ,

ಉತ್ತರ ಕೇಳುತ್ತಿಲ್ಲ. ಗಿಡಗಳ ಸುದ್ದಿ ನಿನಗೆ ಸಲ್ಲಬೇಕಾದದ್ದು, ಅದಕ್ಕೆ ಬರೆಯುತ್ತಿದ್ದೇನೆ.

ಹನ್ನೊಂದೂ ಬದುಕಿವೆ. ಎರಡನೆಯದರ ಎಲೆಯ ಅಂಚು ಮೇ ತಿಂಗಳಲ್ಲಿ ಸುಟ್ಟಿತು, ಪರದೆ ಸರಿದಿತ್ತು, ನನ್ನದೇ ತಪ್ಪು. ಒಂಬತ್ತನೆಯದರ ಕೋಲಿನ ಮೇಲೆ, ಗಾಳಿಯಲ್ಲೇ, ಪುಟ್ಟ ಮರಿ ಗಿಡ ಹುಟ್ಟಿದೆ. ಬೇರು ಎರಡು ಬೆರಳು ಉದ್ದವಾಗುವವರೆಗೆ ಬೇರ್ಪಡಿಸಬಾರದು ಅಂತ ನರ್ಸರಿಯವನು ಹೇಳಿದ. ಬಿಳಿಯದನ್ನು ಮೂಲೆಯಿಂದ ತೆಗೆದು ನಡುವೆ ಇಟ್ಟಿದ್ದೇನೆ.

ಸೂಗಪ್ಪ


ಜೀಡಿಮೆಟ್ಲಾ
4 ಆಗಸ್ಟ್ 2024

ಶಾಂತಣ್ಣನಿಗೆ,

ಮಳೆ ಹಿಡಿದಿದೆ. ಎಂಟು ದಿನದಿಂದ ನೀರು ಹಾಕಿಲ್ಲ. ಚಿಗುರಿನ ನಡುವೆ ನಿಂತ ನೀರನ್ನು ಬಟ್ಟೆಯಿಂದ ತೆಗೆಯುತ್ತೇನೆ. ಒಂದು ಚಿಗುರು ಕೊಳೆಯಿತು, ಕತ್ತರಿಸಿ ಅರಿಶಿನ ಹಚ್ಚಿದೆ. ನಿಂತಿದೆ.

ಅಂಬವ್ವನಿಗೆ ಎಲ್ಲ ಹೇಳಿದೆ. ಅವಳು ಹಿಟ್ಟು ನಾದುವುದನ್ನು ಮುಗಿಸಿ ಕೈ ತೊಳೆದಳು. ಆಮೇಲೆ, "ನಾ ಇಷ್ಟ ವರ್ಷ ನಿನ್ನ ತಮಾಷೆಗೆ ನಕ್ಕದ್ದು ತಪ್ಪಾತು" ಅಂದಳು.

ಸೂಗಪ್ಪ


ಹುಬ್ಬಳ್ಳಿ
18 ಆಗಸ್ಟ್ 2024

ಸೂಗಪ್ಪನಿಗೆ,

ಮೂರು ಸಲ ಉತ್ತರ ಬರೆದು ಹರಿದೆ. ಇದು ನಾಲ್ಕನೆಯದು.

ನೀನು ಹೂವು ಕಟ್ಟಿದ್ದು ತಮಾಷೆ. ಅದಕ್ಕೆ ನಾನು ಅವತ್ತೇ ಎರಡು ಗುದ್ದು ಕೊಟ್ಟು ಮರೆತುಬಿಡುತ್ತಿದ್ದೆ. ಹೆದರಿ ಸುಮ್ಮನಾದದ್ದು ಕೂಡ ಅರ್ಥವಾಗುತ್ತದೆ, ನಾನೂ ಹೆದರುವವನೇ. ಆದರೆ ಪತ್ರದ ತಾರೀಖು ನೋಡಿದೆ. ನೀನು ಬರೆದದ್ದು ಮಾರ್ಚ್ 24. ನಾನು ಚಂದ್ರಹಾಸನ ಹೆಸರು ಕೊಟ್ಟದ್ದು ಏಪ್ರಿಲ್ 10. ನಡುವೆ ಹದಿನೇಳು ದಿನ ಇದ್ದವು. ಆ ಹದಿನೇಳು ದಿನದಲ್ಲಿ ಒಂದು ಅಂಚೆ ಚೀಟಿ ಹಚ್ಚಿದ್ದರೆ ಸಾಕಿತ್ತು.

ಅವತ್ತು ಆಟೋದಲ್ಲಿ ನೀನು ಕೈ ಆಡಿಸಿ ಬಹುಮಾನ ಬಂತೇ ಅಂತ ಕೇಳಿದಾಗ ನನ್ನ ಎದೆ ಸ್ವಲ್ಪ ಹಗುರವಾಗಿತ್ತು. ಇವನೊಬ್ಬ ನೋಡಲಿಲ್ಲ ಅಂದುಕೊಂಡೆ. ಜೀಡಿಮೆಟ್ಲಾದವರೆಗೆ ಅದನ್ನೇ ಹಿಡಿದುಕೊಂಡು ಕೂತು ಬಂದೆ. ಈಗ ಅದೂ ಇಲ್ಲ.

ನನ್ನ ತಪ್ಪನ್ನೂ ಬರೆಯುತ್ತೇನೆ. ನಾನು ಕಣ್ಣಾರೆ ಏನೂ ನೋಡಿರಲಿಲ್ಲ. ನೋಡಿದವನ ಹಾಗೆ ಬರೆದೆ. ನನಗೆ ಒಂದು ಹೆಸರು ಬೇಕಿತ್ತು, ಅವನ ಹೆಸರು ಹತ್ತಿರವಿತ್ತು. ಮೇಡಂ ಕ್ಷಮೆ ಕೇಳಿದ ಕಾಗದವನ್ನು ಜೇಬಿನಲ್ಲಿ ಇಟ್ಟುಕೊಂಡು ತಿರುಗಿದೆ ಅಂತ ನೆನೆದರೆ ಅಂಗಿ ಹಾಕಿಕೊಳ್ಳಲು ಹೇಸಿಗೆಯಾಗುತ್ತದೆ.

ಜೂನ್‌ನಲ್ಲೇ ಕುಮುದಾ ಮೇಡಂಗೆ ನಿಜ ಬರೆದೆ, ನಿನ್ನ ಪತ್ರದ ನಕಲನ್ನೂ ಕಳಿಸಿದೆ. ಅವರು ಬಳಗದ ಎಲ್ಲರಿಗೂ ಓದಿ ಹೇಳಿದ್ದಾರೆ. ಚಂದ್ರಹಾಸನನ್ನು ವಾಪಸ್ ಕರೆದರಂತೆ, ಅವನು ಬರುವುದಿಲ್ಲ ಅಂದನಂತೆ. ತನ್ನ ಗಿಡಗಳನ್ನೆಲ್ಲ ಯಾರು ಯಾರಿಗೋ ಕೊಟ್ಟುಬಿಟ್ಟಿದ್ದಾನಂತೆ. ನಾನು ಅವನಿಗೆ ಬರೆದ ಪತ್ರಕ್ಕೂ ಉತ್ತರವಿಲ್ಲ.

ನನ್ನ ಹನ್ನೊಂದು ಗಿಡಗಳನ್ನೂ ಅವನಿಗೆ ಕೊಡು. ಅವನು ತೆಗೆದುಕೊಳ್ಳಲಿ, ಬಿಡಲಿ, ನೀನೇ ಒಯ್ಯಬೇಕು. ಎದುರಿಗೆ ನಿಂತು ನೀನೇ ಹೇಳಬೇಕು. ನಗಿಸಬೇಡ.

ಶಾಂತಕುಮಾರ


ಜೀಡಿಮೆಟ್ಲಾ
16 ಸೆಪ್ಟೆಂಬರ್ 2024

ಶಾಂತಣ್ಣನಿಗೆ,

ನಿನ್ನೆ ಕೊಟ್ಟು ಬಂದೆ.

ಬೆಳಿಗ್ಗೆ ಎಲ್ಲಕ್ಕೂ ನೀರು ಹಾಕಿ, ಎಲೆ ಒರೆಸಿ, ಕುಂಡಗಳ ನಡುವೆ ಗೋಣಿ ತುಂಬಿ ಕಟ್ಟಿದೆ. ಮೂರು ಕುಂಡಗಳಲ್ಲಿ ಹೂವಿತ್ತು. ಬಿಳಿಯದರಲ್ಲಿ ಇರಲಿಲ್ಲ. ಅಂಬವ್ವ ಗೇಟಿನವರೆಗೆ ಬಂದು ನಾಲ್ಕನೆಯದನ್ನು ಮುಟ್ಟಿ ಒಳಗೆ ಹೋದಳು.

ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಆಟೋ ನಿಲ್ಲಿಸಿ ಹೇಳಿ ಕಳಿಸಿದೆ, ಚಂದ್ರಹಾಸ ಕೆಳಗೆ ಇಳಿದು ಬಂದ. ಸೆಕೆಯಲ್ಲಿ ಮೈಯೆಲ್ಲ ಬೆವರಿತ್ತು. ಆಟೋದ ಹಿಂದೆ ನೋಡಿ, "ಇದೆಂತ?" ಅಂದ.

"ಶಾಂತಣ್ಣನ ಗಿಡ ರೀ. ನಿಮಗ ಕೊಡು ಅಂದಾನ. ಆ ಹೂವ ನಾನ ಕಟ್ಟಿದ್ದೆ ರೀ. ನಿಮ್ಮ ಮ್ಯಾಲೆ ಬಂದದ್ದು ಗೊತ್ತಿತ್ತು. ಗೊತ್ತಿದ್ದೂ ಸುಮ್ಮ ಕುಂತೆ."

"ಎಷ್ಟು ದಿನ ಸುಮ್ಮನೆ ಕೂತ್ರಿ?"

"ಮಾರ್ಚದಾಗ ನಿಮ್ಮ ಮ್ಯಾಲೆ ಸಂಶಯ ಐತಿ ಅಂತ ತಿಳೀತು ರೀ. ಮೇ ತನಕ ಬಾಯಿ ಬಿಡಲಿಲ್ಲ."

ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಸುಲಭವಿತ್ತು. ಹಣೆಯ ಬೆವರು ಒರೆಸಿಕೊಂಡು, "ನಮ್ಮ ಫ್ಲೋರಿನಲ್ಲೇ ಬಳಗದವರು ಎರಡು ಮನೆ ಇದ್ದಾರೆ ಮಾರಾಯ್ರೆ. ಲಿಫ್ಟಿನಲ್ಲಿ ನನ್ನನ್ನು ಕಂಡ್ರೆ ಮಾತಾಡದೆ ಮೊಬೈಲ್ ತೆಗೀತಿದ್ರು. ಏಪ್ರಿಲಿಂದ ನಾನು ಮೆಟ್ಟಿಲು ಹತ್ತಿಯೇ ಹೋಗೋದು. ಈಗ ಅವರು ಮಾತಾಡ್ತಾರೆ. ನನಗೆ ಲಿಫ್ಟ್ ಹತ್ಲಿಕ್ಕೆ ಆಗುದಿಲ್ಲ" ಅಂದ. ಅವನ ಮನೆ ಒಂಬತ್ತನೇ ಮಹಡಿ.

ಅಂಥ ಮಾತಿಗೆ ನನಗೆ ಏನಾದರೂ ಹೊಳೆಯಬೇಕಿತ್ತು, ಯಾವಾಗಲೂ ಹೊಳೆಯುತ್ತದೆ. "ತಪ್ಪಾತ್ರಿ" ಅಂದೆ. ಅಷ್ಟೇ ಬಂತು.

ಅವನು ಒಂದು ಕುಂಡ ಎತ್ತಿ ಕೆಳಗಿನಿಂದ ಬೇರು ನೋಡಿದ. ಆಮೇಲೆ ಇನ್ನೊಂದು. ಬಿಳಿಯದನ್ನು ತಿರುಗಿಸಿ ತಿರುಗಿಸಿ ನೋಡಿದ, ತಂತಿ ಕಟ್ಟಿದ ಕಡೆ ಕೋಲಿನ ಮೇಲೆ ಗೀರು ಉಳಿದಿದೆ.

"ನೀರು ಯಾರು ಹಾಕಿದ್ದು?"

"ನಾನ ರೀ."

"ಸರಿ ಹಾಕಿದ್ದೀರಿ."

ವಾಚ್‌ಮನ್‌ಗೆ ಹೇಳಿ ಕುಂಡಗಳನ್ನು ಒಳಗೆ ಇಡಿಸಿಕೊಂಡ. ನನ್ನನ್ನು ಮೇಲೆ ಕರೆಯಲಿಲ್ಲ, ಕರೆಯುತ್ತಾನೆ ಅಂತ ನಾನೂ ಅಂದುಕೊಂಡಿರಲಿಲ್ಲ. ಆಟೋ ಹತ್ತುವಾಗ ಹಿಂದಿನಿಂದ ಕೇಳಿದ: "ಶಾಂತಕುಮಾರ್ ಅವರು ಬರ್ಲಿಲ್ಲ, ಅಲ್ವಾ?"

ಅವನು ಅಂದದ್ದನ್ನು ಅಂದ ಹಾಗೇ ನಿನಗೆ ಬರೆದಿದ್ದೇನೆ.

ತಾರಸಿ ಖಾಲಿಯಾಗಿದೆ. ಇವತ್ತು ಬೆಳಿಗ್ಗೆ ಬಕೆಟ್ ಹಿಡಿದು ಮೇಲೆ ಹೋಗಿ, ಹಾಗೇ ಇಳಿದು ಬಂದೆ. ಇಷ್ಟು ದಿನ ಗಿಡದ ಸುದ್ದಿ ಅಂತ ನಿನಗೆ ಬರೆಯುತ್ತಿದ್ದೆ. ಇನ್ನು ಬರೆಯುವುದಕ್ಕೆ ಅದೂ ಇಲ್ಲ. ಬರೆಯಲೋ ಬೇಡವೋ, ಒಂದು ಮಾತು ತಿಳಿಸು.

ಸೂಗಪ್ಪ


(ಕಾರ್ಡು)

ಹುಬ್ಬಳ್ಳಿ
5 ಅಕ್ಟೋಬರ್ 2024

ಸೂಗಪ್ಪನಿಗೆ,

ಚಂದ್ರಹಾಸ ಕೇಳಿದ್ದು ಸರಿ. ಕಾಗದ ಬರೆದು, ನಿನ್ನ ಕೈಲಿ ಗಿಡ ಕಳಿಸಿ, ನಾನು ತಪ್ಪಿಸಿಕೊಂಡೆ. ಅಕ್ಟೋಬರ್ 20ರ ಭಾನುವಾರ ಬೆಳಗಿನ ಗಾಡಿಗೆ ಬರುತ್ತೇನೆ. ಸ್ಟೇಷನ್ನಿಗೆ ಆಟೋ ತಾ. ಅಲ್ಲಿಂದ ನೇರ ಅವನ ಮನೆಗೆ. ಒಂಬತ್ತು ಮಹಡಿ ಹತ್ತಿಯೇ ಹೋಗೋಣ. ನಿನ್ನನ್ನು ಕ್ಷಮಿಸಿದ್ದೇನೆ ಅಂತ ತಿಳಿಯಬೇಡ, ಅದು ನನಗೆ ಇನ್ನೂ ಗೊತ್ತಿಲ್ಲ. ಆದರೆ ಆ ಬಾಗಿಲು ತಟ್ಟಲು ಒಬ್ಬನೇ ಹೋದರೆ ನನ್ನ ಕೈ ಏಳುವುದಿಲ್ಲ.

ಶಾಂತಕುಮಾರ